ಕತ್ತಿ ಕಳೆದುಕೊಂಡ ವೀರಭದ್ರ

ಹಂಪಾಪುರದಲ್ಲಿ ಮದುವೆ ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಮನೆಮಂದಿಯೆಲ್ಲ ಓದುತ್ತಾರೆ. ಸೋದರಮಾವನ ಹೆಸರು ಬಿಟ್ಟುಹೋದರೆ ಆತ ಮದುವೆಗೇ ಬರುವುದಿಲ್ಲ, ಚಿಕ್ಕಪ್ಪನ ಹೆಸರು ಕೆಳಗಾದರೆ ಚಿಕ್ಕಮ್ಮ ಮಾತು ಬಿಡುತ್ತಾಳೆ. ಆದರೆ ಮೇಲೆ ಕೂತ ಮನೆದೇವರನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ದೇವರು ಮುನಿಸಿಕೊಳ್ಳುವುದಿಲ್ಲ ಎಂಬ ಧೈರ್ಯ. ಆ ಧೈರ್ಯದಿಂದಲೇ ಗುರುಶಾಂತಮ್ಮನವರ ಮೊಮ್ಮಗನ ಪತ್ರಿಕೆ ಕತ್ತಿಯಿಲ್ಲದ ವೀರಭದ್ರನನ್ನು ಹೊತ್ತುಕೊಂಡು ಊರೂರು ಸುತ್ತಿತು.

ಪತ್ರಿಕೆ ಮಾಡಿದವಳು ರೇಣುಕಾ. ಕಾಡಂಚಿನ ಎನ್. ಬೇಗೂರಿನ ಕಡೆ ಬುಡಕಟ್ಟಿನವರ ಹಾಡಿಯವಳು, ಪ್ರಭುಸ್ವಾಮಿಯ ಕಂಪ್ಯೂಟರ್ ಅಂಗಡಿಯಲ್ಲಿ ಮೂರು ವರ್ಷದಿಂದ ಕೆಲಸ. ಅವಳ ಅವ್ವ ರಂಗಿ ಶುಂಠಿ ಹೊಲದಲ್ಲಿ ಕೂಲಿ ಮಾಡಿ ಅವಳನ್ನು ಓದಿಸಿದ್ದು. ನಾನು ಪಕ್ಕದ ಮಳಿಗೆಯಲ್ಲಿ ರವಿಕೆ ಹೊಲಿಯುವವಳು. ನಡುವೆ ಇರುವುದು ಒಂದು ತಗಡಿನ ಗೋಡೆ, ಹಾಗಾಗಿ ಅಲ್ಲಿನ ಮಾತೆಲ್ಲ ನನಗೆ ಪುಕ್ಕಟೆ.

ಅವತ್ತು ಗುರುಶಾಂತಮ್ಮ ಪತ್ರಿಕೆ ಹಿಡಿದು ಬಂದರು. "ಕತ್ತಿ ಎಲ್ಲಯ್ಯಾ ಪ್ರಭು? ನಮ್ ದೇವ್ರೇನು ಕೈ ಬೀಸ್ಕೊಂಡು ವಾಕಿಂಗ್ ಒಂಟವ್ನಾ?"

ನನಗೆ ನಗು ತಡೆಯಲಾಗಲಿಲ್ಲ. ಆಮೇಲಿನ ಮಾತಿಗೆ ನಗು ನಿಂತಿತು. "ಆ ಹಾಡಿ ಉಡ್ಗಿ ಕೈಗೆ ದೇವ್ರನ್ನ ಕೊಟ್ರೆ ಇನ್ನೇನಾಯ್ತದೆ?"

ಆದದ್ದು ಇಷ್ಟು. ಈ ಪತ್ರಿಕೆಗಿಂತ ಸ್ವಲ್ಪ ದಿನ ಮುಂಚೆ ಹುಣಸೂರಿನ ಮದುಮಗಳು ಮಧುಶ್ರೀ ತಾನೇ ಮಾಡಿದ ಪತ್ರಿಕೆಯ ಫೈಲು ತಂದಿದ್ದಳು. ಅವರ ಮನೆದೇವರೂ ವೀರಭದ್ರನೇ, ಚಿತ್ರ ಮಾತ್ರ ಅಂಗಡಿಯದು. ಮದುವೆಯಲ್ಲಿ ಕತ್ತಿ ಯಾಕೆ ಎಂದು ಅವಳು ಕೇಳಿದ್ದೂ ನಿಜ, ರೇಣುಕಾ ಅಳಿಸಿದ್ದೂ ನಿಜ. ಆದರೆ ಅಳಿಸಿದ್ದು ಮಧುಶ್ರೀಯ ಪತ್ರಿಕೆಯಲ್ಲಿ. ಹೊರಗಿನವರ ಫೈಲಿನಲ್ಲಿ ವೈರಸ್ ಇರಬಹುದೆಂದು ಪತ್ರಿಕೆ ಮಾಡುವ ಆ ಸಾಫ್ಟ್‌ವೇರಿನಲ್ಲಿ ಸ್ಯಾಂಡ್‌ಬಾಕ್ಸ್ ಎಂಬುದೊಂದಿದೆ. ರೇಣುಕಾ ಅದನ್ನು ಮುಚ್ಚಿದ ಕೋಣೆ ಎನ್ನುತ್ತಾಳೆ. ಅದರೊಳಗೆ ತೆರೆದ ಫೈಲು ಏನೇ ಕುಣಿದರೂ ಹೊರಗಿನ ಯಾವುದನ್ನೂ ಮುಟ್ಟಲಾರದು ಎಂಬುದು ಸಾಫ್ಟ್‌ವೇರ್ ಕಂಪನಿಯ ಮಾತು.

"ನಾ ಕೋಣೆ ಒಳ್ಗೇ ಅಳ್ಸಿದ್ದು ಸಾರ್. ಆಚೆ ಇರೋ ದೇವ್ರನ್ನ ಮುಟ್ಟೇ ಇಲ್ಲ," ಎಂದಳು ರೇಣುಕಾ.

"ಅಂಗಾರೆ ಕತ್ತಿ ತಾನಾಗೇ ಎದ್ದೋಯ್ತಾ? ತಿಂಗ್ಳು ಮುಗ್ಸು, ಆಮೇಲೆ ಬರ್ಬ್ಯಾಡ," ಎಂದ ಪ್ರಭುಸ್ವಾಮಿ, ಗಿರಾಕಿಗಳ ಎದುರಿಗೇ.

ನನಗೆ ಮೈ ಉರಿಯಿತು. ಮೂರು ವರ್ಷ ನಿಯತ್ತಾಗಿ ದುಡಿದವಳ ಮಾತಿಗಿಂತ ಸಾಫ್ಟ್‌ವೇರಿನ ಮಾತು ಹೆಚ್ಚಾಯಿತಲ್ಲ! ಕೆಲಸ ಹೋದರೆ ಶುಂಠಿ ಹೊಲ ಇದ್ದೇ ಇದೆ. ದೇವರನ್ನು ಕೆಡಿಸಿದವಳು ಎಂಬ ಹೆಸರು ಹೊತ್ತು ಹಾಡಿಗೆ ಹೋಗುವುದು ಮಾತ್ರ ಅವಳಿಗೆ ಬೇಡವಾಗಿತ್ತು.

ಅವರ ಹಾಡಿಯ ಪಕ್ಕ ಆನೆ ಕಂದಕವಿದೆ. ಆನೆ ಒಳಗೆ ಬಂದರೆ ಅಲ್ಲಿಯವರು ಯಾರನ್ನೂ ಬೈಯುತ್ತಾ ಕೂರುವುದಿಲ್ಲ, ಕಂದಕ ಎಲ್ಲಿ ಕುಸಿದಿದೆ ಎಂದು ನೋಡಿಕೊಂಡು ಬರುತ್ತಾರೆ. ರೇಣುಕಾ ಅದನ್ನೇ ಮಾಡಿದಳು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಮುಚ್ಚಿದ ಕೋಣೆಗೆ ಕಾಪಿ ಮಾಡಿಕೊಂಡ ಒಂದು ದೇವರ ಮೀಸೆ ತೆಗೆದು, ಇನ್ನೊಂದರ ಕಿರೀಟ ತೆಗೆದು, ಹೊರಗೇನಾಗುತ್ತದೆ ಎಂದು ನೋಡಿದಳು. ಏನೂ ಆಗಲಿಲ್ಲ. ಕೊನೆಗೆ ಅಂಗಡಿಯ ಒಂದು ಅಭ್ಯಾಸ ನೆನಪಾಯಿತು. ಒಂದೊಂದು ಮನೆಗೆ ಒಂದೊಂದು ದೇವರು, ಎಲ್ಲ ಚಿತ್ರಗಳೂ ಒಂದೇ ಫೋಲ್ಡರಿನಲ್ಲಿ. ಹಳೆಯ ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಗಿರಾಕಿಯ ಫೋಲ್ಡರಿಗೆ ದೇವರನ್ನು ಕಾಪಿ ಮಾಡುತ್ತಿರಲಿಲ್ಲ, ದೇವರಿರುವ ಜಾಗಕ್ಕೆ ದಾರಿ ತೋರಿಸುವ ಶಾರ್ಟ್‌ಕಟ್ ಇಡುತ್ತಿದ್ದರು. ಹಳೆಯ ಪತ್ರಿಕೆಯೊಂದರಿಂದ ಕತ್ತಿಯಿರುವ ವೀರಭದ್ರನನ್ನು ಮತ್ತೆ ಫೋಲ್ಡರಿಗೆ ತಂದು, ಈ ಸಲ ಶಾರ್ಟ್‌ಕಟ್ಟನ್ನೇ ಇಟ್ಟು ಕೋಣೆಯೊಳಗೆ ಕತ್ತಿ ಅಳಿಸಿದಳು. ಹೊರಗಿನ ಫೋಲ್ಡರಿನಲ್ಲೂ ಕತ್ತಿ ಮಾಯ! ಕೋಣೆಯ ಬೀಗವೇನೋ ಗಟ್ಟಿಯೇ, ಶಾರ್ಟ್‌ಕಟ್ ಹಿಡಿದು ಹೊರಟವರನ್ನು ಮಾತ್ರ ಅದು ತಡೆಯುತ್ತಿರಲಿಲ್ಲ.

"ಭಾಗ್ಯಕ್ಕ, ಬಾ ಇಲ್ಲಿ!" ಎಂದು ಕೂಗಿದಳು. ನಾನು ಹೊಲಿಗೆ ಬಿಟ್ಟು ಓಡಿದೆ. "ನೋಡು, ನಮ್ಗೆ ಕತ್ತಿ ಓಯ್ತು, ಅಷ್ಟೇ. ಕಳ್ಳ ಯಾರಾದ್ರೂ ಈ ದಾರಿ ಕಂಡ್ಕೊಂಡು ಫೈಲ್ ಕಳ್ಸುದ್ರೆ ಕಂಪ್ಯೂಟರ್ ಒಳ್ಗಿರೋದೆಲ್ಲ ಓಯ್ತದೆ. ನಮ್ ಅಂಗ್ಡಿದೊಂದೇ ಅಲ್ಲ ಕಣಕ್ಕ, ಈ ಸಾಫ್ಟ್‌ವೇರ್ ಇಟ್ಕೊಂಡಿರೋ ಎಲ್ಲರ್ದೂ."

ಪ್ರಭುಸ್ವಾಮಿಗೂ ತೋರಿಸಿದಳು. ಅವನ ಮುಖ ಹುಳ್ಳಗಾಯಿತು, ಬಾಯಿ ಮಾತ್ರ ಸೋಲಲಿಲ್ಲ. "ಕಂಪ್ನಿಯೋರು ಒಪ್ಲಿ, ಆಮೇಲ್ ನೋಡಣ" ಎಂದ. ರೇಣುಕಾಳ ಇಂಗ್ಲಿಷ್ ಅಷ್ಟಕ್ಕಷ್ಟೇ. ಅದಕ್ಕೆ ಪರದೆಯ ಮೇಲೆ ನಡೆಯುವುದನ್ನೇ ವಿಡಿಯೊ ಮಾಡಿ ಕಂಪನಿಗೆ ಕಳಿಸಿದಳು. ವೀರಭದ್ರ ಯಾರೆಂದು ಗೊತ್ತಿಲ್ಲದವರಿಗೂ ಕತ್ತಿ ಹೋದದ್ದು ಕಾಣುವಂತಿತ್ತು.

ತಿಂಗಳು ಮುಗಿಯುವುದರೊಳಗೆ ಉತ್ತರ ಬಂತು. ದೋಷ ಸಾಫ್ಟ್‌ವೇರಿನದೇ, ಸರಿಪಡಿಸಿದ ಹೊಸ ಆವೃತ್ತಿ ಎಲ್ಲರಿಗೂ ಹೋಗುತ್ತಿದೆ, ಕಂಡುಹಿಡಿದವರೆಂದು ನಿಮ್ಮ ಹೆಸರು ಹಾಕುತ್ತೇವೆ ಎಂದಿತ್ತು. ಹೊಸ ಆವೃತ್ತಿ ಹಾಕಿದ ದಿನ ಶಾರ್ಟ್‌ಕಟ್ಟಿನ ದಾರಿ ಮುಚ್ಚಿಹೋಗಿ ಕೋಣೆಯೊಳಗೆ ಒಬ್ಬ ದೇವರೂ ಕಾಣಿಸಿಕೊಳ್ಳಲಿಲ್ಲ. ಇನ್ನು ಎಲ್ಲರನ್ನೂ ಕಾಪಿ ಮಾಡಿಯೇ ಕೂರಿಸಬೇಕು. ಪ್ರಭುಸ್ವಾಮಿ ಗೊಣಗುತ್ತಾ ದೊಡ್ಡ ಡಿಸ್ಕ್ ತಂದ.

ಅವನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಬೈದದ್ದು ನಾಲ್ಕು ಜನರ ಎದುರು, ಒಪ್ಪಿಕೊಂಡದ್ದೂ ನಾಲ್ಕು ಜನರ ಎದುರು. ಗುರುಶಾಂತಮ್ಮನವರನ್ನು ಕರೆಸಿ ಹೇಳಿದ: "ತಪ್ಪು ಈ ಉಡ್ಗಿದಲ್ಲ ಕಣವ್ವ. ನಾನೇ ದುಡುಕ್ಬುಟ್ಟೆ. ಇವ್ಳು ಎಲ್ಲೂ ಓಗಲ್ಲ, ಇಲ್ಲೇ ಇರ್ತಾಳೆ."

ಗುರುಶಾಂತಮ್ಮ ಸೆರಗು ಸರಿಮಾಡಿಕೊಂಡರು. "ನಾನೂ ಒಂದ್ ಮಾತು ಜಾಸ್ತಿ ಆಡ್ಬುಟ್ಟೆ. ಮನ್ಸಲ್ಲಿ ಇಟ್ಕೊಬ್ಯಾಡ ಕಣವ್ವ," ಎಂದರು ರೇಣುಕಾಳಿಗೆ.

ಅವಳು ನನ್ನ ಮಳಿಗೆಗೆ ಬಂದು, ಹೊಲಿಗೆ ಮಿಷನ್ನಿನ ಪಕ್ಕ ಕೂತು ಅವ್ವನಿಗೆ ಫೋನ್ ಮಾಡಿದಳು. "ಅವ್ವ, ತಪ್ಪು ನಂದಲ್ವಂತೆ. ಕಂಪ್ನಿಯೋರೇ ಬರ್ದವ್ರೆ."

ಹೊಲದ ಗಾಳಿಯ ಸದ್ದಿನ ನಡುವೆ ರಂಗಿಯ ಮಾತು ನನಗೂ ಕೇಳಿಸಿತು.

"ನಂಗ್ ಅವತ್ತೇ ಗೊತ್ತಿತ್ತಲ್ಲ ಮಗ. ಅವ್ರಿಗೆ ಗೊತ್ತಾಗಾಕೆ ಕಂಪ್ನಿಯೋರೇ ಬರೀಬೇಕಾಯ್ತಾ?"