ಚಾಚಿಯ ಹೆಸರು ಕೇಳಿದ ಜಪಾನಿನ ಹೆಂಗಸು

ಬರೀ ಪರದೇಶದ ಭಾಷೆಗಳನ್ನು ಕಲಿಸಲಿಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ ಎಂದರೆ ಕೂಟಗಲ್ಲಿನ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ. ನಾನು ಅಲ್ಲಿ ಜಪಾನಿ ಭಾಷೆಗೆ ಸೇರಿದಾಗ ಅಪ್ಪ ಕುರಿಗಳನ್ನು ಚಿಕ್ಕಪ್ಪನಿಗೆ ಒಪ್ಪಿಸಿ ನನ್ನ ಜೊತೆಗೇ ರೈಲು ಹತ್ತಿದರು. ಹಾಸ್ಟೆಲ್ಲು, ತರಗತಿ ಎಲ್ಲ ನೋಡಿ, ವಾಚ್‌ಮನ್ ಹತ್ತಿರವೂ ವಿಚಾರಿಸಿದರು. "ಬಿಲ್ಡಿಂಗೇನೋ ಐತೆ ಕಣವ್ವ. ಪಾಠ ಮಾಡ್ತಾರೋ ಇಲ್ವೋ ನೀನೇ ನೋಡ್ಕೊ" ಎಂದು ಹೇಳಿ ಊರಿಗೆ ಹೊರಟರು.

ಎರಡನೇ ವರ್ಷದ ರಜೆಯಲ್ಲಿ ಅಪ್ಪನ ಸ್ನೇಹಿತರು, ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಚಾಚಾ, ಫೋನ್ ಮಾಡಿದರು. ಗೊಂಬೆ ಕೊಳ್ಳಲು ಜಪಾನಿನ ಹೆಂಗಸೊಬ್ಬರು ಏಜೆಂಟನ ಜೊತೆ ಮತ್ತೆ ಬರುವವರಿದ್ದರು.

"ಆವಮ್ಮ ಅಷ್ಟೊತ್ತು ಮಾತಾಡ್ತದೆ, ಇವ್ನು ಎರಡು ಮಾತಲ್ಲಿ ಮುಗಿಸ್ಬುಡ್ತಾನೆ. ನಂಗೆ ಒಸಿ ಡೌಟೈತೆ. ನೀನು ಮನೆ ಹುಡ್ಗಿ ತರ ಸುಮ್ಕೆ ಕೂತು ಕೇಳ್ಸ್ಕೊ ಮಗಾ."

ಹೋಗಿ ಚಾಚಾನ ಹೆಂಡತಿ ಚಾಚಿಯ ಪಕ್ಕದಲ್ಲಿ ಕುಳಿತೆ. ಅವರು ಲೇತಿನಲ್ಲಿ ತಿರುಗುತ್ತಿದ್ದ ಮರಕ್ಕೆ ಅರಗಿನ ಬಣ್ಣ ಹಚ್ಚುತ್ತಿದ್ದರು. ಜಪಾನಿನ ಹೆಂಗಸು ಬಹಳ ಹೊತ್ತು ಅವರ ಕೈಯನ್ನೇ ನೋಡಿ, ಗೊಂಬೆ ಹಾಕುವ ಡಬ್ಬಿಯ ಮೇಲೆ ಇವರ ಹೆಸರು ಹಾಕಬಹುದೇ ಎಂದು ಕೇಳಿದರು.

"ಚೆನ್ನಾಗಿದೆ ಅಂತಾರೆ" ಎಂದ ಏಜೆಂಟ್, ಕನ್ನಡದಲ್ಲಿ. ಆಮೇಲೆ ಆ ಹೆಂಗಸಿನತ್ತ ತಿರುಗಿ ಜಪಾನಿಯಲ್ಲಿ, ಇವರೆಲ್ಲ ತನ್ನ ಕೆಲಸದವರು, ಹೆಸರು ಹಾಕುವುದು ಇವರಿಗೆ ಇಷ್ಟವಿಲ್ಲ ಎಂದ.

ನನಗೆ ಬಾಯಿ ಮುಚ್ಚಿಕೊಂಡು ಕೂರಲಾಗಲಿಲ್ಲ. "ಅವರನ್ನು ಯಾರೂ ಕೇಳಿಯೇ ಇಲ್ಲ. ಈ ಕೆಲಸ ಅವರದೇ" ಎಂದು ಜಪಾನಿಯಲ್ಲೇ ತಡವರಿಸಿದೆ. ಏಜೆಂಟನ ಮುಖ ಬಿಳಿಚಿತು. ಆ ಹೆಂಗಸು ಎಲ್ಲಿ ಕಲಿತೆ ಎಂದು ಕೇಳಿ, ನಾನು ಹೇಳಿದ ವಿಶ್ವವಿದ್ಯಾಲಯವನ್ನು ಮೊಬೈಲಿನಲ್ಲಿ ಹುಡುಕಿ ನೋಡಿದರು. ಆದರೂ ನನ್ನನ್ನೂ ಪೂರ್ತಿ ನಂಬಿದಂತೆ ಕಾಣಲಿಲ್ಲ. ತಾವೇ ಎದ್ದು ಚಾಚಿಯ ಮುಂದೆ ಪುಸ್ತಕ, ಪೆನ್ನು ಹಿಡಿದರು. ಚಾಚಿ ಚಾಚಾನ ಮುಖ ನೋಡಿದರು. ಆಮೇಲೆ ಕೈ ಒರೆಸಿಕೊಂಡು ನಿಧಾನವಾಗಿ ತಮ್ಮ ಹೆಸರು ಬರೆದರು.

ಅವರೆಲ್ಲ ಹೋದ ಮೇಲೆ ನಡೆದದ್ದನ್ನು ಚಾಚಾಗೆ ಬಿಡಿಸಿ ಹೇಳಿದೆ. ಅವರು ನನ್ನನ್ನೇ ನೋಡುತ್ತಾ, "ಅಷ್ಟೇನಾ? ಬೇರೆ ಏನೂ ಅನ್ಲಿಲ್ವಾ ನೀನು?" ಎಂದರು. ಏಜೆಂಟನನ್ನು ನೋಡುತ್ತಿದ್ದದ್ದೂ ಅದೇ ಕಣ್ಣಿನಿಂದ.

ಕೆಲವು ತಿಂಗಳ ಬಳಿಕ ನಾನು ಹಾಸ್ಟೆಲ್ಲಿನಲ್ಲಿದ್ದಾಗ ಚಾಚಾ ಡಬ್ಬಿಯೊಂದರ ಫೋಟೋ ಕಳಿಸಿ, ಓದು ಎಂದರು. ಜಪಾನಿ ಅಕ್ಷರದಲ್ಲಿ ಚಾಚಿಯ ಹೆಸರಿತ್ತು. ಓದಿ ಹೇಳಿದೆ. ಫೋನಿನಲ್ಲಿ ಚಾಚಿ ನಗುವುದು ಕೇಳಿಸಿತು.

ವಾರದ ಮೇಲೆ ಅಪ್ಪ ಹೇಳಿದರು: "ನಿಮ್ ಚಾಚಾ ಆ ಡಬ್ಬಿ ಫೋಟೋನ ಇನ್ನೊಬ್ರ ಕೈಲೂ ಓದ್ಸವ್ನೆ ಕಣವ್ವ. ನೀನು ಹೇಳಿದ್ದೇ ಸರಿಯಂತೆ."