ಗಿರಣಿಯ ಜಾಳಿ

ನಮ್ಮ ಹಿಟ್ಟಿನ ಗಿರಣಿಯ ಜಾಳಿ ನಾನು ಕಂಡ ಮಟ್ಟಿಗೇ ಒಂಬತ್ತು ವರ್ಷ ಹಿತ್ತಲಲ್ಲಿ ಕೋಳಿಮರಿಗಳ ಮೇಲೆ ಬೋರಲು ಬಿದ್ದಿತ್ತು. ಮೋಟಾರಿನಿಂದ ಕಲ್ಲಿಗೆ ಓಡುವ ಪಟ್ಟಾದ, ಅಂದರೆ ಬೆಲ್ಟಿನ, ಮೇಲೆ ಮುಚ್ಚಬೇಕಾದ ಕಬ್ಬಿಣದ ಜಾಳಿ ಅದು. ನಾನು ಸೊಸೆಯಾಗಿ ಈ ಮನೆಗೆ ಬರುವ ಹೊತ್ತಿಗೇ ಮಾವ ಅದನ್ನು ಬಿಚ್ಚಿ ಹದ್ದು ಎರಗದಂತೆ ಮರಿಗಳ ಮೇಲೆ ಹಾಕಿದ್ದರು. ಮರಿಗಳ ಮೇಲಿದ್ದ ಕಾಳಜಿ ಮನುಷ್ಯರ ಮೇಲೆ ಇರಲಿಲ್ಲ ಎಂದು ಈಗ ಹೇಳಿದರೆ ಮಾವ ಮುಖ ಆ ಕಡೆ ತಿರುಗಿಸುತ್ತಾರೆ. ಆದರೂ ನಾನು ಹೇಳುವುದು ಬಿಟ್ಟಿಲ್ಲ.

ಬಿಚ್ಚಿದ್ದಕ್ಕೆ ಕಾರಣವಿತ್ತು. ಪಟ್ಟಾ ಹಳೆಯದು, ಗಟ್ಟಿ ಜೋಳ ಬಿದ್ದರೆ ಜಾರುತ್ತಿತ್ತು. ಜಾರಿದಾಗ ಗಿರಣಿ ನಿಲ್ಲಿಸಿ, ಮೋಟಾರನ್ನು ಹಿಂದೆ ಸರಿಸಿ ಬಿಗಿ ಮಾಡಬೇಕು. ಆದರೆ ಮಾವನದೊಂದು ನೇಮ: ಒಬ್ಬರ ಕಾಳು ಕಲ್ಲಿಗೆ ಬಿದ್ದ ಮೇಲೆ ಅಷ್ಟೂ ಹಿಟ್ಟಾಗಿ ಬರುವವರೆಗೆ ಕಲ್ಲು ನಿಲ್ಲಬಾರದು. "ಅನ್ನ ಅರ್ಧಕ್ಕ ನಿಂದರಬಾರದವಾ" ಎನ್ನುತ್ತಿದ್ದರು. ಅದರಲ್ಲಿ ವ್ಯವಹಾರವೂ ಇತ್ತು. ಕಾಳು ಒಳಗಿರುವಾಗ ನಿಲ್ಲಿಸಿದರೆ ಕಲ್ಲು ಕಚ್ಚಿಕೊಳ್ಳುತ್ತದೆ. ಬಿಚ್ಚಿ ಕೆದರಿ ತೆಗೆಯುವಷ್ಟರಲ್ಲಿ ತ್ರೀ ಫೇಸ್ ಕರೆಂಟು ಹೋಗುತ್ತದೆ. ಸಾಲಿನಲ್ಲಿ ಕುಳಿತ ಹೆಂಗಸರು ಡಬ್ಬಿ ಎತ್ತಿಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ಇನ್ನೊಂದು ಗಿರಣಿಗೆ ನಡೆಯುತ್ತಾರೆ. ಅದಕ್ಕೆ ಮಾವ ರಾಳದ ಗಡ್ಡೆಯೊಂದನ್ನು ಬರಿಗೈಯಲ್ಲಿ ಹಿಡಿದು ಓಡುವ ಪಟ್ಟಾಕ್ಕೇ ಒತ್ತುತ್ತಿದ್ದರು. ಅಂಟು ಹಿಡಿದು ಪಟ್ಟಾ ಮತ್ತೆ ಎಳೆಯುತ್ತಿತ್ತು. ಜಾಳಿ ಇದ್ದರೆ ಕೈ ಹೋಗುವುದಿಲ್ಲವಲ್ಲ, ಅದಕ್ಕೇ ಜಾಳಿ ಹಿತ್ತಲಿಗೆ ಹೋಗಿತ್ತು.

ಮಾವನ ಒಂದು ಕಣ್ಣಿಗೆ ಪೊರೆ ಬಂದ ಮೇಲೆ, ಜಾಳಿ ಮತ್ತೆ ಹಾಕೋಣ ಎಂದು ನಾನು ಎರಡು ಸಲ ಬಾಯಿ ತೆಗೆದೆ.

"ಮೂಗಿಗಿಂತ ಮೂಗುತಿ ಭಾರ ಆಗಬಾರದವಾ," ಎಂದರು. "ನಲವತ್ತ ವರ್ಷ ಒತ್ತೀನಿ. ಏನಾಗೇದ?"

ನಾನು ಮತ್ತೆ ಹಿಟ್ಟು ತುಂಬಲು ಕುಳಿತೆ. ಸುಳ್ಳು ಯಾಕೆ ಹೇಳಲಿ, ಬಾಗಿಲವರೆಗೂ ಹಚ್ಚಿದ ಡಬ್ಬಿಗಳ ಸಾಲು ನೋಡಿದರೆ ನನಗೂ ಖುಷಿಯಾಗುತ್ತಿತ್ತು.

ನಮ್ಮ ಮನೆಯ ಹಿಂಬದಿಗಿರುವ ಖಾಲಾ, ಅವರ ಮಾತಿನಲ್ಲಿ ಚಿಕ್ಕಮ್ಮ, ಊರ ಹೆಂಗಸರಿಗೆಲ್ಲ ಬಳೆ ಇಡಿಸುವವಳು. ನನ್ನ ಮದುವೆಯ ಬಳೆ ಇಡಿಸಿದ್ದೂ ಅವಳೇ. ಹೋದ ವರ್ಷ ಚಳಿಗಾಲದಲ್ಲಿ ಒಂದು ದಿನ ಸಜ್ಜೆ ಬೀಸಿಸಲು ಬಂದಿದ್ದಳು. ಯಾರದೋ ಕಾಲು ತಾಗಿ ಅವಳ ಡಬ್ಬಿಯ ಮುಚ್ಚಳ ಪಟ್ಟಾದ ಕಡೆಗೆ ಉರುಳಿತು. ಅವಳು ಬಗ್ಗಿದಳು. ಆ ಕಡೆ ಮಾವ ರಾಳ ಒತ್ತುತ್ತ ನಿಂತಿದ್ದರು. ನಾನು ಹಿಟ್ಟು ತುಂಬುತ್ತ ತಲೆ ಎತ್ತಿದೆ. ಖಾಲಾಳ ತಲೆ ಪಟ್ಟಾದ ಕಡೆಗೆ ಹೋಗುತ್ತಿತ್ತು. ಸೆರಗು ಸಿಕ್ಕಿಕೊಂಡು ಅವಳನ್ನು ಎಳೆಯುತ್ತಿತ್ತು.

ಓಡಿ ಹೋಗಿ ಸ್ವಿಚ್ ಬಡಿದೆ. ಮೋಟಾರು ಒಮ್ಮೆಲೇ ನಿಲ್ಲುವುದಿಲ್ಲ. ಸೆರಗು ಪರ್ರನೆ ಹರಿಯಿತು, ಖಾಲಾ ಹಿಟ್ಟಿನ ಮೇಲೆ ಬಿದ್ದಳು. ಕುತ್ತಿಗೆಯ ಸುತ್ತ ಕೆಂಪು ಬರೆ. ಕಲ್ಲು ನಿಂತಿತ್ತು. ಆಗ ಮಾವನ ಬಾಯಿಂದ ಬಂದ ಮೊದಲ ಮಾತು:

"ಕಾಳ ಒಳಗ ಅದಾವಲ್ಲವಾ."

ಅಷ್ಟು ಸಿಟ್ಟು ನನಗೆ ಜೀವಮಾನದಲ್ಲಿ ಬಂದಿರಲಿಲ್ಲ. ಹಿರಿಯರು ಅಂತ ಹಲ್ಲು ಕಚ್ಚಿ ನುಂಗಿದೆ. ಖಾಲಾಗೆ ನೀರು ಕೊಟ್ಟರೆ ಅರ್ಧ ಮೈಮೇಲೆ ಚೆಲ್ಲಿಕೊಂಡಳು. ನಮ್ಮನ್ನೇ ಸಮಾಧಾನ ಮಾಡಿದಳು: "ತಲೀಗಿ ಬಂದದ್ದು ಸೆರಗಿಗಿ ಹೋತು. ಬಿಡ ಬೇಟಿ."

ನಾನು ಬಿಡಲಿಲ್ಲ. ಮರುದಿನ ಬೆಳಿಗ್ಗೆ ಮರಿಗಳನ್ನು ಬುಟ್ಟಿಗೆ ಹಾಕಿ, ಜಾಳಿಯನ್ನು ಬಾವಿಕಟ್ಟೆಗೆ ಒಯ್ದು ತಿಕ್ಕಿ ತೊಳೆದೆ. ಪಟ್ಟಾ ಬದಲಿಸಿ ಜಾಳಿ ಕೂಡಿಸುವವರೆಗೆ ಎಂದು ಗಿರಣಿಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡೆ.

"ಊರ ಕೊಳ್ಳಿ ಹೊಡದ ಮ್ಯಾಲ ಕ್ವಾಟಿ ಬಾಗಲಾ ಹಾಕಾಕ ಹೊಂಟೀಯೇನು?" ಎಂದರು ಮಾವ.

"ಊರ ಇನ್ನೂ ಅದರಿ ಮಾವಾರ. ಸೆರಗ ಅಷ್ಟ ಹೋಗೇದ."

ಅವರು ಕಟ್ಟೆಯ ಮೇಲೆ ಕುಳಿತು ಬೆರಳು ಮಡಚಿ ಲೆಕ್ಕ ಹಾಕಿದರು: ಮೇಲಿನ ಓಣಿಯ ಗಿರಾಕಿ ಹೋಯಿತು, ಹೊಲದ ವಸ್ತಿಯ ಮನೆಗಳು ಹೋದವು, ಎಂಟು ದಿನ ಬಾಗಿಲು ಹಾಕಿದರೆ ಹೋದ ಡಬ್ಬಿ ತಿರುಗಿ ಬರುವುದಿಲ್ಲ.

"ಹೋದ ಡಬ್ಬಿ ನೀವು ಎಣಸ್ರಿ," ಎಂದೆ. "ಉಳದ ಕೈ ನಾ ಎಣಸ್ತೀನಿ."

ನಮ್ಮ ಮನೆಯವರು ಇಬ್ಬರ ಮುಖವನ್ನೂ ನೋಡಿ, ದಾಳಿಂಬೆಗೆ ನೀರು ಬಿಡಬೇಕು ಅಂತ ತೋಟಕ್ಕೆ ಹೋದರು. ಆ ಎಂಟು ದಿನ ತೋಟಕ್ಕೆ ಬಿದ್ದಷ್ಟು ನೀರು ಮತ್ತೆಂದೂ ಬಿದ್ದಿಲ್ಲ.

ಜತ್ತ ಪೇಟೆಯಿಂದ ಫಿಟ್ಟರ್ ಕರೆಸಿದೆ. ಹೊಸ ಪಟ್ಟಾ ಬಂತು, ಮೋಟಾರಿನ ಕೆಳಗಿನ ತುಕ್ಕು ಹಿಡಿದ ಬೋಲ್ಟುಗಳು ಬದಲಾದವು, ಜಾಳಿ ತನ್ನ ಜಾಗಕ್ಕೆ ಕುಳಿತಿತು. ನೆಲಕ್ಕೆ ಕೆಂಪು ಬಣ್ಣದ ಗೆರೆ ಎಳೆದೆ. ಅದನ್ನು ಯಾರೂ ದಾಟಬಾರದು, ಸೆರಗು ಸೊಂಟಕ್ಕೆ ಸಿಗಿಸಿಯೇ ಒಳಗೆ ಬರಬೇಕು. ದಿನಾ ಕರೆಂಟು ಬರುವ ಮುಂಚೆ ಪಟ್ಟಾ ಒತ್ತಿ ನೋಡಿ ಬಿಗಿ ಮಾಡುವುದನ್ನು ನಾನೇ ಕಲಿತೆ.

"ಗಿರಣಿಗಿ ಸೀರಿ ಉಡಿಸೀಯಲ್ಲ," ಎಂದು ಹೆಂಗಸರು ನಕ್ಕರು. ನಕ್ಕವರು ಉಳಿದರು, ಗೆರೆ ನೋಡಿ ಮುಖ ಗಂಟು ಹಾಕಿದವರು ಬಸ್ ಸ್ಟ್ಯಾಂಡಿನ ಕಡೆ ಹೋದರು. ಸಾಲು ಅರ್ಧವಾಯಿತು. ಮಾವ ಬಾಗಿಲಲ್ಲಿ ಕುಳಿತು ಆ ದಾರಿಯಲ್ಲಿ ಹೋಗುವ ಡಬ್ಬಿಗಳನ್ನೇ ನೋಡುತ್ತಿದ್ದರು. ಅವರು ಕಟ್ಟಿ ಬೆಳೆಸಿದ ಗಿರಣಿ. ಅವರ ಪಕ್ಕದಲ್ಲಿ ಚಹಾ ಇಟ್ಟು ಬರುತ್ತಿದ್ದೆ. ಆದರೆ ಕೀಲಿ ಕೊಡಲಿಲ್ಲ.

ಶ್ರಾವಣದಲ್ಲಿ ಒಂದು ದಿನ ಜಿಟಿಜಿಟಿ ಮಳೆ. ತಂಪಿಗೆ ಮೆತ್ತಗಾದ ಜೋಳ ಹಾಕಿದ್ದೆ, ಅದು ಕಲ್ಲಿಗೆ ಅಂಟಿ ಭಾರವಾಗಿ ಪಟ್ಟಾ ಜಾರುವ ಸಪ್ಪಳ ಶುರುವಾಯಿತು. ನಾನು ತಿರುಗುವಷ್ಟರಲ್ಲಿ ಠಣ್ ಎಂದು ಶಬ್ದವಾಯಿತು. ಮಾವ ಜಾಳಿಯ ಮುಂದೆ ನಿಂತಿದ್ದರು. ರಾಳದ ಗಡ್ಡೆ ನೆಲಕ್ಕೆ ಬಿದ್ದಿತ್ತು. ಇಷ್ಟು ದಿನ ಅದನ್ನು ಎಲ್ಲಿ ಬಚ್ಚಿಟ್ಟಿದ್ದರೋ ಶಿವನೇ ಬಲ್ಲ. ಸಪ್ಪಳ ಕೇಳಿದ ಕೂಡಲೇ ಕೈ ತಾನಾಗಿ ಹೋಗಿತ್ತು. ಪೊರೆಗಣ್ಣಿಗೆ ಜಾಳಿ ಕಂಡಿರಲಿಲ್ಲ.

"ನೋಡು ನಿನ್ನ ಜಾಳಿ ಮಾಡಿದ್ದು," ಎಂದು ಸಿಟ್ಟಿನಿಂದ ಕೈ ಚಾಚಿದರು. ಬೆರಳ ಗೆಣ್ಣುಗಳ ತೊಗಲು ಸುಲಿದು ರಕ್ತ ಜಿನುಗುತ್ತಿತ್ತು.

ಆ ಕೈ ಹಿಡಿದುಕೊಂಡೆ. ಹೆಬ್ಬೆರಳಿನಿಂದ ಶುರು ಮಾಡಿ ಒಂದೊಂದಾಗಿ ಮುಟ್ಟುತ್ತ ಎಣಿಸಿದೆ. ಐದು. ಮಾವನೂ ಬಗ್ಗಿ ನೋಡಿದರು. ಜಾಳಿಯ ಆ ಕಡೆ ಪಟ್ಟಾ ಓಡುತ್ತಲೇ ಇತ್ತು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ಕಲ್ಲ ನಿಂದರಸವಾ," ಎಂದರು. "ಪಟ್ಟಾ ಬಿಗಿ ಮಾಡೂಣು."

"ಕಾಳ ಒಳಗ ಅದಾವ್ರಿ ಮಾವಾರ."

"ಇರಲಿ ಬಿಡು. ನಿಂದರಸು."