ಗಡಿ ಕಾವಲಿನ ಸಿನಿಮಾದಲ್ಲಿ ಅಜ್ಜಿಯ ಅಮ್ಮ

ಒದ್ದೆ ಲಾವಂಚದ ವಾಸನೆ ಎಲ್ಲಿ ಬಂದರೂ ನನಗೆ ಮದರಾಸಿನ ವಡಪಳನಿಯ ನಮ್ಮ ಮನೆ, ತೊಂಬತ್ತರ ದಶಕದ ಕೊನೆಯ ಬೇಸಿಗೆ ರಜೆಗಳು, ಟೀವಿಯಲ್ಲಿ ಬರುತ್ತಿದ್ದ ಗೀರುಬಿದ್ದ ಕಪ್ಪು-ಬಿಳುಪು ಸಿನಿಮಾಗಳು ನೆನಪಾಗುತ್ತವೆ. ಕಿಟಕಿಗೆ ಕಟ್ಟಿದ ಲಾವಂಚದ ತಟ್ಟಿಗೆ ನೀರು ಚಿಮುಕಿಸಿ, ನನ್ನನ್ನು ಟೀವಿಯ ಮುಂದೆ ಕೂರಿಸಿ, ಅಜ್ಜಿ ಅಡುಗೆಮನೆಗೆ ಹೋಗುತ್ತಿದ್ದಳು. "ಗಡಿ ಪೋಲೀಸು, ಅಕ್ಕಿ ಮೂಟೆ ಬಂದ್ರೆ ಸೀಕ್ರಂ ಕೂಗು ಕಣೇ." ಅವಳು ಹುಡುಕುತ್ತಿದ್ದ ಸಿನಿಮಾದ ಹೆಸರು ಅವಳಿಗೇ ಗೊತ್ತಿರಲಿಲ್ಲ. ಎರಡನೇ ಮಹಾಯುದ್ಧದ ರೇಷನ್ ಕಾಲದಲ್ಲಿ ತೆಗೆದದ್ದು, ಗಡಿ ಕಾಯುವವರ ಮತ್ತು ಅಕ್ಕಿ ಕದ್ದು ಸಾಗಿಸುವವರ ಕಥೆ, ಹೆಚ್ಚು ದಿನ ಓಡಲಿಲ್ಲ, ಇಷ್ಟೇ. ಮೈಸೂರು ಕಡೆಯಿಂದ ಮದರಾಸಿಗೆ ಬಂದಿದ್ದ ಅವಳ ಅಮ್ಮ ಅದರ ಒಂದು ಗುಂಪಿನ ದೃಶ್ಯದಲ್ಲಿ ನಡೆದುಹೋಗಿದ್ದಳಂತೆ. ಸ್ಟುಡಿಯೋದಲ್ಲಿ ಕೊಟ್ಟ ಪುಳಿಯೋಗರೆಯನ್ನು ಎಲೆಯಲ್ಲಿ ಕಟ್ಟಿ ತಂದದ್ದು ಅಜ್ಜಿಗೆ ನೆನಪಿತ್ತು. ಅಮ್ಮನ ಮುಖ ಮಸುಕಾಗಿತ್ತು. ಸಿನಿಮಾ ತೆರೆಗೆ ಬರುವ ಮೊದಲೇ ಅವಳು ಜ್ವರದಲ್ಲಿ ತೀರಿಕೊಂಡಿದ್ದಳು. ಒಂದು ಫೋಟೋ ಕೂಡ ಇರಲಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ಫೋಟೋ ಇಲ್ಲದೆ ಹೋದವರು ಒಬ್ಬರಾದರೂ ಇದ್ದಾರು.

ನನಗೋ ಕಳ್ಳರು ಅಕ್ಕಿಯನ್ನು ಎಲ್ಲಿ ಬಚ್ಚಿಡುತ್ತಿದ್ದರೆಂಬ ಕುತೂಹಲ. ಕೇಳಿದರೆ ಅಜ್ಜಿಯೂ ಉತ್ಸಾಹದಿಂದ ಊಹಿಸುತ್ತಿದ್ದಳು: ಚಟ್ಟದ ಮೇಲೆ ಹೆಣದಂತೆ ಮಲಗಿಸಿರಬಹುದು, ಬಸುರಿಯ ಹೊಟ್ಟೆಯಂತೆ ಕಟ್ಟಿಕೊಂಡಿರಬಹುದು. ಒಂದು ಮಧ್ಯಾಹ್ನ ತೆರೆಯ ಮೇಲೆ ಹೊಳೆ, ದಾರಿಗೆ ಅಡ್ಡ ಕಟ್ಟಿದ ಬಿದಿರು, ಚಡ್ಡಿ ತೊಟ್ಟ ಕಾವಲಿನವರು ಕಂಡರು. ಅವರಲ್ಲೊಬ್ಬ ಹುಲ್ಲಿನ ಗಾಡಿಯನ್ನು ಈಟಿಯಿಂದ ತಿವಿದ. ಒಳಗಿನಿಂದ ಅಕ್ಕಿ ಸುರಿಯಿತು. ನಾನು "ಪಾಟಿ, ಅರಿಸಿ" ಎಂದು ಅಜ್ಜಿಯನ್ನು ತಮಿಳಿನಲ್ಲೇ ಕೂಗಿದೆ. ಅಜ್ಜಿ ದೋಸೆಹಿಟ್ಟಿನ ಕೈಯಲ್ಲೇ ಓಡಿಬಂದಳು. ಗಾಡಿಯ ಹಿಂದೆ ಬುಟ್ಟಿ ಹೊತ್ತ ಹೆಂಗಸರು ಸಾಲಾಗಿ ಬರುತ್ತಿದ್ದರು. "ಕೊನೇಲಿ ಬರ್ತಾಳಲ್ಲ, ಅವಳೇ ನಮ್ಮಮ್ಮ," ಎಂದವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾನು ಮತ್ತೆ ಟೀವಿಯತ್ತ ತಿರುಗುವಷ್ಟರಲ್ಲಿ ಹೊಳೆಯಲ್ಲಿ ದೋಣಿಯೊಂದು ಓಡುತ್ತಿತ್ತು.

ಹೇಗೆ ಗೊತ್ತಾಯಿತೆಂದು ಆಮೇಲೆ ಕೇಳಿದೆ. ತನ್ನಮ್ಮ ಎಡಗಾಲನ್ನು ತುಸು ಹೊರಕ್ಕೆ ಹಾಕಿ ನಡೆಯುತ್ತಿದ್ದಳು, ಸೆರಗು ಹಿಡಿದು ಹಿಂದೆಯೇ ಓಡುತ್ತಿದ್ದ ತನಗೆ ಗೊತ್ತಾಗದೆ ಇರುತ್ತದೆಯೇ ಎಂದಳು. ಕೈಗಂಟಿ ಒಣಗಿದ ಹಿಟ್ಟನ್ನು ಉಜ್ಜುತ್ತಾ, "ಎಷ್ಟು ಚಿಕ್ಕವಳು ಕಣೇ. ನಿಮ್ಮಮ್ಮನಿಗಿಂತ ಚಿಕ್ಕವಳು," ಎಂದಳು.

ಆ ಸಿನಿಮಾ ಮತ್ತೆ ಬರಲಿಲ್ಲ. ಅಜ್ಜಿ ಹೋದಳು, ಮನೆಯ ಜಾಗದಲ್ಲಿ ಫ್ಲಾಟುಗಳೆದ್ದವು. ಹಳೆಯ ಸಿನಿಮಾಗಳ ಹುಚ್ಚಿರುವವರನ್ನು ವಿಚಾರಿಸಿದರೆ ಹಾಗೊಂದು ಇದ್ದದ್ದೇ ಗೊತ್ತಿಲ್ಲ ಎನ್ನುತ್ತಾರೆ. ನೀನಾದರೂ ನೋಡಿದೆಯಲ್ಲ, ಹೇಗಿದ್ದಳು ಎಂದು ಅಮ್ಮ ಈಗಲೂ ಕೇಳುತ್ತಾಳೆ. ನಾನು ನೋಡಿರಲಿಲ್ಲ. ಆ ಹೆಂಗಸು ಗಡಿ ದಾಟಿಹೋದ ಗಳಿಗೆಯಲ್ಲಿ ನಾನು ಅಜ್ಜಿಯ ಮುಖವನ್ನೇ ನೋಡುತ್ತಿದ್ದೆ.